ಮುಚ್ಚದೇ ಬಿಟ್ಟ ತೂತುಗಳು

"ಅಕ್ಕಾರ, ಇದೊಂದು ತೂತ ಉಳದೈತ್ರಿ, ಮುಚ್ಚಿ ಬಿಡ್ಲೇನ್ರೀ?" ಅಂತ ಗೌಂಡಿ ಕರಣಿ ತುಂಬ ಗಾರೆ ಹಿಡ್ಕೊಂಡು ಕೇಳ್ದಾಗ ನಾನು ಒಳಗೆ ಒಗ್ಗರಣೆ ಹಾಕ್ತಿದ್ದೆ, ಸಾಸಿವೆ ಸಿಡೀತಿತ್ತು, ಸರಿಯಾಗಿ ಕೇಳಿಸ್ಕೊಳ್ಳದೇ ಹೂಂ ಅಂದೂಬಿಟ್ಟೆ. ಆಮೇಲೆ ಏನನ್ನಿಸ್ತೋ, ಸೌಟು ಹಿಡ್ಕೊಂಡೇ ಹೊರಗೆ ಬಂದು ನೋಡ್ದೆ. ಅಡಿಗೆಮನೆ ಕಿಟಕಿ ಪಕ್ಕ ಎರಡು ಕಲ್ಲಿನ ಸಂದಿಯಿಂದ ಕಿರುಬೆರಳು ದಪ್ಪದ ಒಂದು ಕೊಳವೆ ಹೊರಗೆ ಚಾಚ್ಕೊಂಡಿತ್ತು, ಕಂದು ಬಣ್ಣ, ಮೇಣದ್ದು, ತುದಿ ಸ್ವಲ್ಪ ಅಗಲ ಆಗಿ ವಾಲಗದ ಬಾಯಿ ಥರ. ಆ ಬಾಯಿ ಅಂಚಿಗೆ ಏಳೆಂಟು ಕರಿ ಚುಕ್ಕೆ ಸುತ್ತಲೂ ಕೂತ್ಕೊಂಡು ನಮ್ಮಿಬ್ರನ್ನೂ ನೋಡ್ತಿದ್ವು. ಮಿಸರಿ ಜೇನು!

ನಮ್ಮ ಕುಮಟಾ ಕಡೆ ಮಿಸರಿ ಅಂತೀವಿ, ಮಂಗಳೂರು ಕಡೆಯವರು ಮುಜಂಟಿ ಅಂತಾರೆ. ಚುಚ್ಚೋಕೆ ಮುಳ್ಳಿಲ್ಲ, ಸಿಟ್ಟು ಬಂದ್ರೆ ತಲೆಕೂದಲೊಳಗೆ ನುಗ್ಗಿ ಕಾಟ ಕೊಡುತ್ವೆ ಅಷ್ಟೇ. ಬೇರೆ ಜೇನಿನ ಹಾಗೆ ಆರು ಮೂಲೆಯ ಎರಿಯಲ್ಲಿ ತುಪ್ಪ ಇಡಲ್ಲ, ಬಟಾಣಿ ಗಾತ್ರದ ಮೇಣದ ಗಡಿಗೆ ಮಾಡಿ ಅದರೊಳಗೆ ತುಂಬಿಡುತ್ವೆ. ವರ್ಷಕ್ಕೆ ಸಿಗೋದು ಒಂದು ಲೋಟಾನೂ ಕಷ್ಟ, ರುಚಿ ಸ್ವಲ್ಪ ಹುಳಿ, ಚಿಕ್ಕವರಿದ್ದಾಗ ಕೆಮ್ಮು ಬಂದ್ರೆ ಆಯಿ ಚಮಚದ ತುದಿಗೆ ತಾಗಿಸಿ ಕೊಡ್ತಿದ್ಲು. ಕೊಳವೆ ಬಾಯಿ ಸುತ್ತ ಮುಟ್ಟಿದ್ರೆ ಅಂಟಂಟು, ಮರದ ಅಂಟು ತಂದು ಬಳಿದಿಡುತ್ವೆ, ಇರುವೆ ಬಂದ್ರೆ ಅಲ್ಲೇ ಸಿಕ್ಕೊಳ್ಳಲಿ ಅಂತ. ನಾನು ನೋಡೋ ಹೊತ್ತಿಗೆ ಒಂದು ಚಗಳಿ ಇರುವೆ ಹಿಂದಿನ ಎರಡು ಕಾಲು ಅಂಟಿಸ್ಕೊಂಡು ಒದ್ದಾಡ್ತಿತ್ತು.

ಗೌಂಡಿ ಕರಣಿ ಕೆಳಗಿಟ್ಟ. "ಹಂಗಾರ ಮನೀ ಮಾಲಕ್ರು ಒಳಗದಾರ ಅಂದಂಗಾತು ಬಿಡ್ರಿ" ಅಂದ. ಸುತ್ತ ಒಂದು ಅಂಗೈ ಅಗಲ ಗಾರೆ ಇಲ್ದೇ ಬಿಟ್ಟು ಮುಂದಿನ ಕಲ್ಲಿಗೆ ಹೋದ. ಮನೆ ರಿಪೇರಿ ಮಾಡೋದು ಅಂದ್ರೆ ತೂತು ಮುಚ್ಚೋದು ಅಂತ ಅಲ್ಲಿವರೆಗೂ ಅಂದ್ಕೊಂಡಿದ್ದ ನಾನು ಆವತ್ತಿಂದ ಯಾವ ತೂತು ಮುಚ್ಚಬೇಕು, ಯಾವುದು ಬೇಡ ಅಂತ ಲೆಕ್ಕ ಹಾಕೋಕೆ ಶುರು ಮಾಡಿದ್ದು, ಇದು ನಾಲ್ಕನೇ ಬೇಸಿಗೆ, ಲೆಕ್ಕ ಇನ್ನೂ ಮುಗಿದಿಲ್ಲ.

ಮನೆ ಇರೋದು ದಕ್ಷಿಣ ಗೋವಾದಲ್ಲಿ, ಕೆಪೆ ತಾಲೂಕಿನ ಒಂದು ಹಳ್ಳಿ, ಕುಶಾವತಿ ಹೊಳೆಯಿಂದ ಸ್ವಲ್ಪ ಮೇಲೆ. ಇವರ ಕೆಲಸ ವಾಸ್ಕೋದಲ್ಲಿ, ಹತ್ತು ವರ್ಷ ಅಲ್ಲೇ ಫ್ಲಾಟಲ್ಲಿದ್ವಿ. ಈ ಮನೆಯವರೆಲ್ಲ ಲಿಸ್ಬನ್ನಿಗೆ ಹೋಗಿ ಸೆಟ್ಲ್ ಆಗಿದ್ದಾರೆ, ಮಾರೋಕೆ ಹೋದ್ರೆ ಇಷ್ಟೊಂದು ಜನ ವಾರಸುದಾರರ ಸಹಿ ಬೇಕು, ಅದಾಗೋ ಹೋಗೋ ಮಾತಲ್ಲ, ಅದಕ್ಕೇ ರಿಪೇರಿ ಖರ್ಚು ನಮ್ಮದು ಅನ್ನೋ ಕರಾರಿನ ಮೇಲೆ ಲೀಸಿಗೆ ಕೊಟ್ರು. ನೂರು ವರ್ಷದ ಮೇಲಾಗಿರೋ ಮನೆ. ಎದುರಿಗೆ ಬಲ್ಕಾಂವ್, ಅಂದ್ರೆ ಎರಡೂ ಕಡೆ ಕೂರೋಕೆ ಕಟ್ಟೆ ಇರೋ ಜಗಲಿ, ನಮ್ಮ ಹಳೇ ಮನೆಗಳ ಜಗಲಿಗೆ ಇದು ಅಣ್ಣನೋ ತಮ್ಮನೋ ಇರ್ಬೇಕು. ಕಿಟಕಿಗೆ ಗಾಜಿಲ್ಲ, ಮರದ ಪಟ್ಟಿಗಳ ನಡುವೆ ತೆಳ್ಳಗಿನ ಚಿಪ್ಪು ಸೇರಿಸಿರ್ತಾರೆ, ಮಧ್ಯಾಹ್ನದ ಬಿಸಿಲು ಅದರಿಂದ ಒಳಗೆ ಬಂದ್ರೆ ಮಜ್ಜಿಗೆ ಬಣ್ಣ. ಆ ಚಿಪ್ಪಿನ ಜೀವೀನ ಈಗ ವನ್ಯಜೀವಿ ಕಾಯ್ದೆ ಪಟ್ಟಿಗೆ ಸೇರಿಸಿದ್ದಾರೆ, ಹಾಗಾಗಿ ಹೊಸದು ಸಿಗಲ್ಲ, ಒಡೆದು ಹೋದ ಜಾಗಕ್ಕೆ ಹಳೇ ಮನೆ ಕೆಡವಿದವರ ಹತ್ರ ಬೇಡ್ಕೊಂಡು ತರ್ಬೇಕು. ನಮ್ಮಲ್ಲಿ ಇನ್ನೂ ಹನ್ನೊಂದು ಚಿಪ್ಪಿನ ಜಾಗ ಖಾಲಿ ಇದೆ.

ಗೋಡೆ ಎರಡಡಿ ದಪ್ಪ, ಪೂರ್ತಿ ಚಿರೆಕಲ್ಲು. ನಾವೂ ಚಿರೆಕಲ್ಲು ಅಂತೀವಿ, ಕೊಂಕಣಿಯಲ್ಲೂ ಚಿರೆ ಅಂತಲೇ, ಭಾಷೆ ಬದಲಾದ್ರೂ ಕಲ್ಲು ಬದಲಾಗಿಲ್ಲ. ಕ್ವಾರಿಯಿಂದ ಕಡಿಯುವಾಗ ಕೊಡಲಿಗೆ ಸಿಗೋಷ್ಟು ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಬುಕಾನನ್ ಅನ್ನೋ ಸ್ಕಾಟ್ಲೆಂಡಿನ ವೈದ್ಯ 1800ರ ಹೊತ್ತಿಗೆ ಕೇರಳದಲ್ಲಿ ಇದನ್ನ ನೋಡಿ, 1807ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಲ್ಯಾಟಿನ್ನಿನ ಇಟ್ಟಿಗೆ ಅನ್ನೋ ಶಬ್ದದಿಂದ ಲ್ಯಾಟರೈಟ್ ಅಂತ ಹೆಸರಿಟ್ಟ. ಇಟ್ಟಿಗೆ ಅಂದಿದ್ದು ಸರೀನೇ, ಆದ್ರೆ ನನಗೆ ಇದು ಆಯಿ ಮಾಡೋ ಬನ್ಸ್ ಒಳಭಾಗದ ಹಾಗೆ ಕಾಣೋದು, ಎಲ್ಲಿ ನೋಡಿದ್ರೂ ತೂತು. ಇದೇ ಕುಶಾವತಿ ದಂಡೆಯ ಉಸಗಾಳಿಮಳದಲ್ಲಿ ಇದೇ ಕೆಂಪು ಬಂಡೆ ಮೇಲೆ ಯಾವುದೋ ಕಾಲದ ಜನ ಎತ್ತು, ಜಿಂಕೆ, ನವಿಲು ಎಲ್ಲಾ ಕೊರೆದಿಟ್ಟಿದ್ದಾರೆ, ಮಣ್ಣಿನಡಿ ಇದ್ದದ್ದು 1993ರಲ್ಲಿ ಹೊರಜಗತ್ತಿಗೆ ಗೊತ್ತಾಯ್ತು. ಊರಿಂದ ಯಾರೇ ಬಂದ್ರೂ ಅಲ್ಲಿಗೆ ಕರ್ಕೊಂಡು ಹೋಗ್ತೀನಿ, ಬೀಚ್ ಯಾವಾಗ ಅಂತ ಕೇಳ್ತಾರೆ.

ಈ ತೂತಿನ ಕಲ್ಲಿಗೆ ಸಿಮೆಂಟ್ ಹಾಕಬಾರ್ದು ಅಂತ ನಮಗೆ ಗೊತ್ತಿರ್ಲಿಲ್ಲ. ಮೊದಲು ಸಿಕ್ಕಿದ ಕಾಂಟ್ರ್ಯಾಕ್ಟರ್ ಬಂದವನೇ ಅಡಿಗೆಮನೆ ಹಿಂಗೋಡೆಗೆ ನೀಟಾಗಿ ಸಿಮೆಂಟ್ ಬಳಿದು, ಮೇಲೆ ಪೇಂಟ್ ಹೊಡೆದು, ಇನ್ನು ಇಪ್ಪತ್ತು ವರ್ಷ ಇದರ ಕಡೆ ತಿರುಗಿ ನೋಡ್ಬೇಡಿ ಮೇಡಂ ಅಂದ. ಒಂದೇ ಮಳೆಗಾಲ. ಕಲ್ಲು ನೀರು ಕುಡಿಯುತ್ತೆ, ಕುಡಿದದ್ದನ್ನ ಬಿಸಿಲಿಗೆ ಹೊರಗೆ ಬಿಡುತ್ತೆ, ಅದು ಅದರ ಉಸಿರಾಟ. ಸಿಮೆಂಟ್ ಬಾಯಿ ಕಟ್ಟಿತು, ನೀರು ಒಳಗೇ ಕೂತಿತು. ದಸರಾ ಹೊತ್ತಿಗೆ ಪೇಂಟು ಹಪ್ಪಳದ ಹಾಗೆ ಉಬ್ಬಿ, ಅದರ ಹಿಂದೆ ಬಿಳಿ ಉಪ್ಪು ಅರಳಿ, ಮುಟ್ಟಿದ್ರೆ ಕಲ್ಲೇ ಪುಡಿ ಪುಡಿ. ಅದನ್ನ ಚಾಣ ಹಿಡ್ದು ಕೆತ್ತಿ ತೆಗೆಯೋಕೆ ಕೊಟ್ಟ ಕೂಲಿ, ಬಳಿಸೋಕೆ ಕೊಟ್ಟಿದ್ದಕ್ಕಿಂತ ಜಾಸ್ತಿ. ಕಾಂಟ್ರ್ಯಾಕ್ಟರ್ ಫೋನ್ ಎತ್ತಲ್ಲ, ಬಿಡಿ.

ಆಗ ಸಿಕ್ಕಿದ್ದು ಈ ಗೌಂಡಿ. ಬಾದಾಮಿ ಕಡೆಯವ, ಗೋವಾಕ್ಕೆ ಬಂದು ಇಪ್ಪತ್ತು ವರ್ಷ ಆಯ್ತಂತೆ. ಗೋವಾದಲ್ಲಿ ಮನೆ ಕಟ್ಟೋ ಕೈ ನೋಡಿ, ಬಾಗಲಕೋಟೆ, ಗದಗ, ವಿಜಾಪುರ ಕಡೆಯವು ಎಷ್ಟಿವೆ ಅಂತ, ಆದ್ರೂ ಇಲ್ಲಿ ಕೆಲವರ ಬಾಯಲ್ಲಿ ನಮ್ಮವರೆಲ್ಲ 'ಘಾಟಿ'ಗಳೇ, ಅಂದ್ರೆ ಘಟ್ಟದ ಮೇಲಿನವರು ಅಂತ ಹೀಯಾಳಿಸೋದು. ಅವನು ಅದಕ್ಕೆ ತಲೆ ಕೆಡಿಸ್ಕೊಳ್ಳಲ್ಲ, "ಕದಂಬ ಬಸ್ಸಿನ್ಯಾಗ ಕುಂತು ಬಂದ್ ನಮಗ ಘಾಟಿ ಅಂತಾರ್ರೀ, ಕದಂಬ್ರು ಎಲ್ಲಿಯವರು ಅಂತ ಕೇಳ್ರಿ" ಅಂತ ನಗ್ತಾನೆ. ಇಲ್ಲಿ ಸರ್ಕಾರಿ ಬಸ್ಸಿನ ಹೆಸರು ಕದಂಬ, ಗೋವಾ ಆಳಿದ ಕದಂಬರ ನೆನಪಿಗೆ. ಆ ರಾಜಮನೆತನದ ಬುಡ ಬನವಾಸಿ. ಚಾಂದೋರ್ ಅಂದ್ರೆ ಅವರ ಹಳೇ ರಾಜಧಾನಿ ಚಂದ್ರಪುರ, ನಮ್ಮ ಮನೆಯಿಂದ ಸ್ಕೂಟರಲ್ಲಿ ಹೋಗಿಬರೋಷ್ಟು ಹತ್ರ.

ಅವನು ಸುಣ್ಣ ತಂದ. ಗುಂಡೀಲಿ ನೀರು ಹಾಕಿ ಅರಳಿಸಿ, ಎರಡು ವಾರ ಹಾಗೇ ಬಿಟ್ಟು, ಮರಳು ಸೇರಿಸಿ, ಬೆಲ್ಲದ ನೀರು ಅಳಲೆಕಾಯಿ ನೀರು ಬೆರೆಸಿ ಗಾರೆ. ಅದು ಏಪ್ರಿಲ್ ತಿಂಗಳು. ಬೆಲ್ಲ ನೆನೆಹಾಕಿದ ಡ್ರಮ್ಮಿಗೆ ಮುಚ್ಚಳ ಸರಿ ಇರ್ಲಿಲ್ಲ, ಬೆಳಗಾಗೋದ್ರೊಳಗೆ ಊರಿನ ಇರುವೆ, ತುಡುವೆ ಜೇನು, ಕಣಜ ಎಲ್ಲಾ ಹಾಜರ್, ಸಂತೆ! ಕೆಲಸದವರು ಒಂದಿಡೀ ದಿನ ಡ್ರಮ್ಮಿನ ಹತ್ರ ಹೋಗ್ಲಿಲ್ಲ, ನಾನೇ ಒದ್ದೆ ಗೋಣಿಚೀಲ ಮುಚ್ಚಿ, ಅಂಗಳದ ಆ ಮೂಲೆಗೆ ಒಂದು ತಟ್ಟೇಲಿ ಬೆಲ್ಲದ ನೀರಿಟ್ಟು ಅವನ್ನ ಆ ಕಡೆ ಕಳಿಸಬೇಕಾಯ್ತು. ಆ ಸಂತೆಗೆ ಬಂದವರಲ್ಲಿ ಎಷ್ಟು ಜನ ವಾಪಸ್ ಹೋದ್ರು ಎಷ್ಟು ಜನ ಇಲ್ಲೇ ಉಳಿದ್ರು ಗೊತ್ತಿಲ್ಲ.

ಒಬ್ಬಳಂತೂ ಉಳಿದ್ಲು. ಮಣ್ಣಿನ ಗೂಡು ಕಟ್ಟೋ ಕಣಜ. ಕಳೆದ ವರ್ಷ ಮೇ ತಿಂಗಳಲ್ಲಿ ಮೂರು ದಿನ ಊರಿಗೆ ಹೋಗಿ ರಾತ್ರಿ ಒಂಬತ್ತೂವರೆಗೆ ವಾಪಸ್ ಬಂದು ಬಾಗಿಲಿಗೆ ಕೀಲಿ ಹಾಕಿದ್ರೆ ಹೋಗ್ತಾನೇ ಇಲ್ಲ. ಮೊಬೈಲ್ ಟಾರ್ಚ್ ಹಾಕಿ ನೋಡಿದ್ರೆ ಕೀಲಿ ತೂತಿಗೆ ನುಣ್ಣಗೆ ಮಣ್ಣು ಮೆತ್ತಿದೆ, ನಮ್ಮ ಗೌಂಡಿ ಕೂಡ ಅಷ್ಟು ಚಂದ ಮಾಡಲ್ಲ. ಹೇರ್‌ಪಿನ್ನಿಂದ ಕೆರೆದೆ. ಮಣ್ಣಿನ ಹಿಂದೆ ಒಂದರ ಪಕ್ಕ ಒಂದು ತುರುಕಿಟ್ಟ ಸಣ್ಣ ಹಸಿರು ಕಂಬಳಿಹುಳ, ಲೆಕ್ಕ ಹಾಕ್ದೆ, ಐದು. ಸತ್ತಿಲ್ಲ, ಅಲ್ಲಾಡ್ತಾನೂ ಇಲ್ಲ. ಚುಚ್ಚಿ ಜೀವ ಉಳಿಸಿ ಮೈ ಮಾತ್ರ ಮರಗಟ್ಟಿಸಿ ಇಟ್ಟಿರ್ತಾಳೆ, ಮೊಟ್ಟೆ ಒಡೆದು ಬರೋ ಮರಿಗೆ ತಾಜಾ ಊಟ ಇರ್ಲಿ ಅಂತ. ನಾವು ಅವರ ತೂತು ಮುಚ್ಚದೇ ಬಿಟ್ರೆ ಅವರು ನಮ್ಮ ತೂತು ಮುಚ್ಚಿದ್ರು ಅಂತ ಇವರು ಬ್ಯಾಗ್ ಮೇಲೆ ಕೂತು ಗೊಣಗ್ತಿದ್ರು. ಈಗ ಊರಿಗೆ ಹೋಗುವಾಗ ಕೀಲಿ ತೂತಿಗೆ ಒಂದು ಚೂರು ಟೇಪ್ ಅಂಟಿಸಿ ಹೋಗ್ತೀವಿ.

ಹಾವಿನ ವಿಷಯ ಹೇಳದೇ ಇದ್ರೆ ನೀವು ಕೇಳೇ ಕೇಳ್ತೀರಿ. ಬಂದಿದೆ. ಕೇರೆ ಹಾವು ಅಂಗಳದ ಖಾಯಂ ಸದಸ್ಯ, ಕಲ್ಲಿನ ರಾಶಿ ಹತ್ರ ಇರುತ್ತೆ, ಇಲಿ ಕಾಟ ಇಲ್ಲದ್ದು ಅದರಿಂದಲೇ. ಹೆದರಿಸಿದ್ದು ಇನ್ನೊಂದು. ಬಚ್ಚಲುಮನೆ ಗೋಡೆ ಮೇಲೆ, ಮಾಡಿನ ಹತ್ರ, ಕಂದು ಮೈಗೆ ಬಿಳಿ ಪಟ್ಟೆ. ಅತ್ತೆ ಕಟ್ಟುಹಾವು ಅಂತ ಕೂಗಿದ್ರು, ನಾನೂ ಹಾಗೇ ಅಂದ್ಕೊಂಡೆ, ಕೈಕಾಲು ತಣ್ಣಗಾಯ್ತು. ಹಾವು ಹಿಡಿಯೋ ಹುಡುಗ ಬಂದು ನೋಡಿ ನಕ್ಕ. ವುಲ್ಫ್ ಸ್ನೇಕ್ ಅಂತೆ, ವಿಷ ಇಲ್ಲ, ಹಲ್ಲಿ ತಿನ್ನೋಕೆ ಹಳೇ ಗೋಡೆ ಹತ್ತುತ್ತೆ. ಇದಕ್ಕೆ ಪಟ್ಟೆ ಕುತ್ತಿಗೆ ಹತ್ರ ಎದ್ದು ಕಾಣುತ್ತೆ, ಬಾಲದ ಕಡೆ ಹೋಗ್ತಾ ಮಸುಕು. ಕಟ್ಟುಹಾವಿಗೆ ಉಲ್ಟಾ, ತಲೆ ಹತ್ರ ಪಟ್ಟೆ ಇಲ್ಲ ಅನ್ನೋ ಹಾಗೆ, ಬಾಲದ ಕಡೆ ಸ್ಪಷ್ಟ, ಸಪೂರ ಗೆರೆ ಎರಡೆರಡು ಜೋಡಿ, ಮೈ ಮಿರಮಿರ ಕಪ್ಪು. ಇದನ್ನ ಓದ್ಕೊಂಡು ಯಾರೂ ಕೈ ಹಾಕೋಕೆ ಹೋಗ್ಬೇಡಿ ಮತ್ತೆ, ಕಟ್ಟುಹಾವು ಕಚ್ಚಿದ್ರೆ ನೋವೇ ಗೊತ್ತಾಗಲ್ಲ, ನಿದ್ದೆಯಲ್ಲೇ ಉಸಿರು ಹೋಗುತ್ತೆ. ನಾವು ನೆಲದಲ್ಲಿ ಮಲಗೋದು ಬಿಟ್ಟಿದೀವಿ, ಹಾಸಿಗೆಗೆ ಸೊಳ್ಳೆಪರದೆ ಸಿಕ್ಕಿಸಿಯೇ ಮಲಗ್ತೀವಿ. ಬಾಗಿಲ ಕೆಳಗಿನ ಸಂದಿ, ಬಚ್ಚಲ ನೀರು ಹೋಗೋ ತೂತು, ಈ ಎರಡನ್ನ ಮಾತ್ರ ನಾನು ಯಾವ ಧರ್ಮಸಂಕಟಾನೂ ಇಲ್ದೇ ಜಾಲರಿ ಹಾಕಿ ಬಂದ್ ಮಾಡಿಸಿದೀನಿ.

ಬೇಸಿಗೆಯ ಮಧ್ಯಾಹ್ನ ಇಲ್ಲಿ ಹುಬ್ಬಳ್ಳಿ ಥರ ಸುಡು ಬಿಸಿಲಲ್ಲ, ಶೆಕೆ. ಮೂವತ್ನಾಲ್ಕು ಡಿಗ್ರಿಗೇ ಮೈ ಎಲ್ಲಾ ಅಂಟು. ಎರಡಡಿ ಗೋಡೆ ಒಳಗೆ ಮಾತ್ರ ತಂಪು, ಊಟ ಆದ್ಮೇಲೆ ನಾನು ಚಿಪ್ಪಿನ ಕಿಟಕಿ ಒಂದು ಬೆರಳು ತೆರೆದು ಕೂರೋದು. ಹೊರಗೆ ಬಾವಿಕಟ್ಟೆ ಪಕ್ಕ ಒಡೆದ ಹಂಡೆಮಡಕೆಯ ತಳದಲ್ಲಿ ನೀರಿಟ್ಟಿರ್ತೀನಿ, ದಿನಾ ಬದಲಾಯಿಸ್ತೀನಿ, ಇಲ್ದಿದ್ರೆ ಸೊಳ್ಳೆ ಸಾಕಿದ ಹಾಗೆ. ಅಲ್ಲೂ ಒಂದು ಪಾಳಿ ಇದೆ. ಮೊದಲು ಕೆಮ್ಮೀಸೆ ಪಿಕಳಾರ, ಗಲಾಟೆ ಮಾಡ್ಕೊಂಡು ಜೋಡಿಯಾಗಿ ಬರ್ತವೆ. ಆಮೇಲೆ ಮಡಿವಾಳ ಹಕ್ಕಿ, ಬಾಲ ಎತ್ತಿ ಸುತ್ತ ನೋಡಿ, ನೀರಿಗಿಳಿದು ಎಷ್ಟು ಹೊತ್ತು ಮೈ ತೊಳೀತಾನೆ ಅಂದ್ರೆ ಹೆಸರಿಟ್ಟವರಿಗೆ ಕೈ ಮುಗೀಬೇಕು. ಮಾರ್ಚ್ ಕೊನೆಯವರೆಗೂ ಒಂದು ರಾಜಹಕ್ಕಿ ಬರ್ತಿತ್ತು, ಬಿಳಿ ಗಂಡು, ಮೊಳ ಉದ್ದದ ಎರಡು ರಿಬ್ಬನ್ ಬಾಲ. ಅದು ನೀರಲ್ಲಿ ಕೂರಲ್ಲ. ಹಲಸಿನ ಕೊಂಬೆಯಿಂದ ಕಲ್ಲು ಬಿದ್ದ ಹಾಗೆ ಬಿದ್ದು, ಎದೆ ತಾಗಿಸಿ, ಬಾಲ ಒದ್ದೆ ಆಗೋದ್ರೊಳಗೆ ಮತ್ತೆ ಕೊಂಬೆ ಮೇಲೆ. ನಾಲ್ಕು ಸಲ ಹೀಗೇ. ಫೋಟೋ ತೆಗೆಯೋಕೆ ಹೋಗಿ ನನ್ನ ಹತ್ರ ಬರೀ ಮಡಕೆಯ ಫೋಟೋ ನಲವತ್ತಿವೆ.

ಆಚೆ ದಿಬ್ಬದಲ್ಲಿ ಒಂದು ದೊಡ್ಡ ಮರದ ಪೊಟರೆಯಲ್ಲಿ ಮಂಗಟ್ಟೆ ಗೂಡಿದೆ. ಹೆಣ್ಣು ಒಳಗೆ ಹೋಗಿ ಹಿಕ್ಕೆ ಮಣ್ಣು ಕಲಸಿ ಬಾಗಿಲು ತಾನೇ ಮೆತ್ಕೊಳ್ಳುತ್ತೆ, ಕೊಕ್ಕು ತೂರೋಷ್ಟು ಸೀಳು ಬಿಟ್ಟು. ಮರಿ ದೊಡ್ಡದಾಗೋವರೆಗೆ ಊಟ ಎಲ್ಲಾ ಗಂಡನದ್ದೇ ಜವಾಬ್ದಾರಿ. ಬೆಳಿಗ್ಗೆ ನಮ್ಮ ಮಾಡಿನ ಮೇಲಿಂದಾನೇ ಹಾರಿ ಹೋಗ್ತಾನೆ, ರೆಕ್ಕೆ ಸದ್ದು ಯಾರೋ ಗೋಣಿ ಕೊಡವಿದ ಹಾಗೆ. ಗೌಂಡಿಗೆ ತೋರಿಸಿದ್ದಕ್ಕೆ ಸುಮಾರು ಹೊತ್ತು ನೋಡಿ ಅವನು ಹೇಳಿದ್ದು ಒಂದೇ ಮಾತು, "ಎಷ್ಟ ಬೇಕೋ ಅಷ್ಟ ಸಂದಿ ಬಿಟ್ಟೈತಿ ನೋಡ್ರಿ."

ಎಲ್ಲರ ಮೇಲೂ ಇಷ್ಟೇ ಪ್ರೀತಿ ಇದೆ ಅಂತ ಸುಳ್ಳು ಹೇಳಲ್ಲ. ಮುಸುವಗಳ ಮೇಲೆ ನನಗೆ ಕೆಂಡದಂಥ ಸಿಟ್ಟು. ಪಕ್ಕದ ಮನೆ ಆಂಟಿಯ ಮಾಂಕುರಾದ್ ಮಾವಿನ ಮರದಿಂದ ಹಾರೋದು ಸೀದಾ ನಮ್ಮ ಮಾಡಿಗೆ, ಒಂದೊಂದು ಹಾರಿದ್ರೂ ಎರಡು ಹೆಂಚು ಲೆಕ್ಕ. ನಮ್ಮದು ಹಳೇ ಮಂಗಳೂರು ಹೆಂಚು. ಮಂಗಳೂರಲ್ಲಿ ಬಾಸೆಲ್ ಮಿಶನ್ನವರು 1865ರಲ್ಲಿ ಮೊದಲ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಕರಾವಳಿ ಪೂರ್ತಿ ಆ ಕೆಂಪು ಹಬ್ಬಿತು, ಪೋರ್ಚುಗೀಸರ ಊರಿಗೂ ಬಂತು. ಹೊಸ ಹೆಂಚು ಹಳೇದರ ತೋಡಿಗೆ ಸರಿಯಾಗಿ ಕೂರಲ್ಲ, ಹಾಗಾಗಿ ಒಡೆದ ಒಂದೊಂದು ಹೆಂಚಿಗೂ ಗುಜರಿ ಅಂಗಡಿ ಸುತ್ತಬೇಕು. ಮಾವು ತಿಂದು ಹೋಗ್ಲಿ, ತಕರಾರಿಲ್ಲ. ಅರ್ಧ ಕಚ್ಚಿ ನನ್ನ ಅಂಗಳಕ್ಕೆ ಎಸೆದು ಇನ್ನೊಂದು ಕೀಳುತ್ತಲ್ಲ, ಮಾಂಕುರಾದ್ ರೇಟು ಗೊತ್ತಿದ್ದವರಿಗೆ ಆ ಹೊಟ್ಟೆಯುರಿ ಅರ್ಥ ಆಗುತ್ತೆ. ಆಂಟಿ ಮಾತ್ರ ಬಲ್ಕಾಂವ್ ಮೇಲೆ ಕೂತು "ಆಸೂಂ ದಿ" ಅಂತಾರೆ. ಇರ್ಲಿ ಬಿಡು ಅಂತ. ಅವರು ಎಲ್ಲಕ್ಕೂ ಹಾಗೇ ಅನ್ನೋದು, ಆ ಕಾಂಟ್ರ್ಯಾಕ್ಟರ್ ವಿಷಯಕ್ಕೂ ಅಂದಿದ್ರು.

ಮುಸುವ ಸರಿಸಿದ ಹೆಂಚಿನ ಸಂದಿಯಿಂದಲೇ ಈ ವರ್ಷದ ಹೊಸ ಬಿಡಾರ ಬಂದಿದ್ದು. ಫೆಬ್ರವರಿ ಕೊನೆಗೆ ರಾತ್ರಿ ಅಟ್ಟದ ಮೇಲೆ ಧಡಧಡ ಓಡಾಟ ಶುರು. ಇಲಿ ಅಂದ್ಕೊಂಡ್ರೆ ಇಲಿಗೆ ಅಷ್ಟು ತೂಕ ಇಲ್ಲ. ಒಂದಿನ ರಾತ್ರಿ ಅಟ್ಟದ ಏಣಿ ಹತ್ರ ಹೋದ್ರೆ ಯಾರೋ ಸಣ್ಣಕ್ಕಿ ಅನ್ನಕ್ಕಿಟ್ಟ ಹಾಗೆ ಘಮ. ಹನ್ನೆರಡು ಗಂಟೆ ರಾತ್ರಿ ಅಟ್ಟದಲ್ಲಿ ಯಾರು ಅನ್ನ ಮಾಡ್ತಾರೆ! ಬೆಳಿಗ್ಗೆ ಗೋಡೆ ತುದಿಯಲ್ಲಿ ಹಿಕ್ಕೆ ನೋಡಿದ ಮೇಲೆ ಗೊತ್ತಾಯ್ತು, ಬೈನೆ ಬೀಜ, ಚಿಕ್ಕು ಬೀಜ, ತೊಳೆದಿಟ್ಟ ಹಾಗೆ ಇಡಿ ಇಡಿ. ಪುನುಗಿನ ಬೆಕ್ಕು. ಆಯಿಗೆ ಫೋನ್ ಮಾಡಿ ಏನ್ ಮಾಡ್ಲಿ ಅಂದೆ. "ಮರಿ ಹಾಕಿಕ್ಕು, ಓಡ್ಸಡ ಕೂಸೆ, ಅದೇ ಹೋಗ್ತು" ಅಂದ್ಲು. ಹೌದು, ಮರಿ ಹಾಕಿತ್ತು. ಚಿಪ್ಪಿಲ್ಲದ ಕಿಟಕಿ ಸಂದಿಯಿಂದ ನೋಡಿದೆ, ಮುಸ್ಸಂಜೆ ಹೊತ್ತಿಗೆ ತಾಯಿ ಮೊದಲು ಪಕಾಸಿನ ಮೇಲೆ ಬಂದು ನಿಲ್ಲುತ್ತೆ, ಮುಖಕ್ಕೆ ಕರಿ ಮಾಸ್ಕ್ ಹಾಕ್ಕೊಂಡ ಹಾಗಿದೆ, ಕಣ್ಣಿನ ಕೆಳಗೆ ಬಿಳಿ ಚುಕ್ಕೆ, ಹಿಂದೆ ಮೂರು ಮರಿ ಒಂದರ ಬಾಲ ಇನ್ನೊಂದು ತುಳೀತಾ. ಹೆಂಚಿನ ಸಂದಿಗೆ ತಾಯಿ ತಲೆ ತೂರಿಸಿ, ಮೈ ನೀರಿನ ಹಾಗೆ ಸುರಿದು ಹೊರಗೆ ಹೋಗುತ್ತೆ. ಮೂರನೇ ಮರಿ ಪ್ರತಿ ಸಲ ಹೊಟ್ಟೆ ಹತ್ರ ಸಿಕ್ಕಿಬೀಳುತ್ತೆ.

ಮೇ ಇಪ್ಪತ್ತರ ಒಳಗೆ ಮಾಡು ಕೈಯಾಡಿಸಿ ಮುಗಿಸ್ಬೇಕಿತ್ತು, ಜೂನ್ ಮೊದಲ ವಾರಕ್ಕೆ ಮಳೆ ಬಂದೇ ಬರುತ್ತೆ. ಗೌಂಡಿ ಬಂದು ಮಾಡು ಹತ್ತಿ ಅಲ್ಲಿಂದಲೇ ಕೂಗಿದ, "ಅಕ್ಕಾರ, ಇದೊಂದು ಉಳದೈತ್ರಿ!" ಈ ಸಲ ಒಗ್ಗರಣೆ ಇರ್ಲಿಲ್ಲ, ಸರಿಯಾಗೇ ಕೇಳಿಸ್ತು. ಇವರು ನನ್ನ ಮುಖ ನೋಡಿದ್ರು. ಮುಚ್ಚಿದ್ರೆ ಮರಿ ಒಳಗೆ, ಮುಚ್ಚದಿದ್ರೆ ಮಳೆ ಒಳಗೆ. ಅತ್ತೆ ಒಂದು ಪರಿಹಾರ ಹೇಳಿದ್ರು, ಆ ಹೆಂಚಿನ ಸರಿ ಕೆಳಗೆ ಒಂದು ಬಕೆಟ್ ಇಡಿ, ಸಾಕು. ನಾವು ಇಬ್ರು ಇಂಜಿನಿಯರಿಂಗ್ ಓದಿದವರು ಮೂರು ದಿನ ತಲೆ ಕೆರ್ಕೊಂಡ್ರೂ ಅದಕ್ಕಿಂತ ಒಳ್ಳೇದು ಹೊಳೀಲಿಲ್ಲ.

ನಿನ್ನೆ ರಾತ್ರಿ ಗುಡುಗಿ ಒಂದು ಗಂಟೆ ಸುರೀತು. ಮೊದಲ ಮಳೆ. ಲೈಟ್ ಹೋಗಿ, ಹಾತೆ ಎಲ್ಲಾ ಎದ್ದು ಮೇಣದಬತ್ತಿಗೆ ಮುತ್ತಿ, ಕುಡಿಯೋ ನೀರಿಗೆಲ್ಲ ರೆಕ್ಕೆ. ಅಟ್ಟದಲ್ಲಿ ಬಕೆಟ್ಟಿಗೆ ಟಪ್ ಟಪ್ ಅನ್ನೋದು ಕೇಳ್ತಾ ಮಲಗಿದ್ವಿ. ಬೆಳಿಗ್ಗೆ ಖಾಲಿ ಮಾಡೋಣ ಅಂತ ಏಣಿ ಹತ್ತಿದ್ರೆ ಬಕೆಟ್ ಕಾಲು ಭಾಗ ತುಂಬಿತ್ತು, ಅದರ ಅಂಚಿಗೆ ಒಂದು ಮರಗಪ್ಪೆ ಕೂತಿತ್ತು, ಮಾರ್ಚಿಂದ ಬಚ್ಚಲುಮನೆ ಸ್ವಿಚ್ ಬೋರ್ಡಿನ ಹಿಂದೆ ಇರ್ತಿತ್ತಲ್ಲ, ಅದೇ ಅನ್ಸುತ್ತೆ. ನೀರಿನ ಮೇಲೆ, ಬಕೆಟ್ ಒಳಗೋಡೆಗೆ, ಸೋಪಿನ ನೊರೆ ಥರ ಒಂದು ಮುಷ್ಟಿ ಬಿಳಿ ನೊರೆ ಅಂಟಿಸಿಟ್ಟಿದೆ. ಅದರೊಳಗೆ ಮೊಟ್ಟೆ.

ಬಕೆಟ್ ಅಲ್ಲೇ ಇದೆ. ಇವರು ಇನ್ನೊಂದು ಬಕೆಟ್ ತರೋಕೆ ಮಡಗಾಂವ್‌ಗೆ ಹೋಗಿದ್ದಾರೆ.